ಲೇಯರ್, ಬ್ಲಾಕ್, ಸ್ಕೇಲ್: ಕ್ಯಾಡ್ ಕಲಿಯೋಕೆ ಹೊರಟವರು ಮೊದಲು ತಿಳ್ಕೋಬೇಕಾದ ಪದಗಳು

ಕಂಪ್ಯೂಟರ್ ಸೆಂಟರ್‌ಗಳ ಬೋರ್ಡ್‌ನಲ್ಲಿ ಟ್ಯಾಲಿ ಪಕ್ಕದಲ್ಲೇ ಈಗ ಆಟೋಕ್ಯಾಡ್ ಅಂತಲೂ ಇರುತ್ತೆ. ಐಟಿಐ, ಡಿಪ್ಲೊಮಾ ಹುಡುಗರು ಫೀಸ್ ಕಟ್ಟಿ ಸೇರುತ್ತಾರೆ, ಮೊದಲ ವಾರದಲ್ಲೇ ಪದಗಳ ರಾಶಿ ನೋಡಿ ಕಂಗಾಲಾಗುತ್ತಾರೆ. ಮನೆ, ಮಳಿಗೆ ಕಟ್ಟಿಸೋ ಅಂಗಡಿಯವರಿಗೂ ಇವು ಗೊತ್ತಿದ್ದರೆ ಎಂಜಿನಿಯರ್ ಹತ್ತಿರ ಧೈರ್ಯವಾಗಿ ಮಾತಾಡಬಹುದು.

ಕ್ಯಾಡ್ ಅಂದರೆ ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯೋದು. ಆಟೋಕ್ಯಾಡ್ ಅದಕ್ಕಿರುವ ಒಂದು ಸಾಫ್ಟ್‌ವೇರ್ ಅಷ್ಟೇ, ಆಟೋಡೆಸ್ಕ್ ಕಂಪನಿ 1982ರಲ್ಲಿ ತಂದದ್ದು. ದುಡ್ಡಿಲ್ಲದವರಿಗೆ ಲಿಬ್ರೆಕ್ಯಾಡ್ ಪುಕ್ಕಟೆ ಸಿಗುತ್ತೆ, 2ಡಿ ಅಭ್ಯಾಸಕ್ಕೆ ಧಾರಾಳ ಸಾಕು.

30x40 ಸೈಟ್ ಬರೀತೀರಿ ಅಂದುಕೊಳ್ಳಿ. ಲೈನ್ ಕಮಾಂಡ್‌ನಲ್ಲಿ ಬರೆದರೆ ನಾಲ್ಕು ಗೆರೆ ನಾಲ್ಕು ಬಿಡಿ ತುಂಡು. ಪಾಲಿಲೈನ್‌ನಲ್ಲಿ ಬರೆದು ಮುಚ್ಚಿದರೆ ನಾಲ್ಕೂ ಸೇರಿ ಒಂದೇ ವಸ್ತು, 1200 ಚದರಡಿ ಅಂತ ವಿಸ್ತೀರ್ಣವನ್ನೂ ಅದೇ ಹೇಳುತ್ತೆ. ಆಫ್‌ಸೆಟ್‌ಗೆ 9 ಇಂಚು ಕೊಟ್ಟರೆ ಅಷ್ಟೇ ಅಂತರದಲ್ಲಿ ಇನ್ನೊಂದು ಗೆರೆ ಬಂದು ಗೋಡೆ ರೆಡಿ. ಹೆಚ್ಚಾದ ಗೆರೆ ಕತ್ತರಿಸೋಕೆ ಟ್ರಿಮ್. ಎಫ್8 ಒತ್ತಿದರೆ ಆರ್ಥೋ, ಗೆರೆ ಸೊಟ್ಟ ಹೋಗಲ್ಲ. ಎಫ್3 ಒತ್ತಿದರೆ ಆಬ್ಜೆಕ್ಟ್ ಸ್ನ್ಯಾಪ್, ಮೂಲೆಗೆ ಮೂಲೆ ಸರಿಯಾಗಿ ಕೂರುತ್ತೆ.

ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳ ಹಾಗೆ. ಗೋಡೆಗೊಂದು, ವೈರಿಂಗ್‌ಗೊಂದು, ಪೈಪ್‌ಗೊಂದು. ಪ್ಲಂಬರ್‌ಗೆ ಕೊಡೋವಾಗ ವೈರಿಂಗ್ ಲೇಯರ್ ಆಫ್ ಮಾಡಿದರಾಯ್ತು. ಬ್ಲಾಕ್ ಅಂದರೆ ಅಚ್ಚು: ಬಾಗಿಲು ಒಮ್ಮೆ ಬರೆದಿಟ್ಟರೆ ಹತ್ತು ಕಡೆ ಕೂರಿಸಬಹುದು, ಅಚ್ಚು ತಿದ್ದಿದರೆ ಹತ್ತೂ ಬದಲಾಗುತ್ತೆ.

ಇನ್ನು ದುಡ್ಡು ಕಳೆಯೋ ಪದ, ಸ್ಕೇಲ್. ಮಾಡೆಲ್ ಸ್ಪೇಸ್‌ನಲ್ಲಿ ಎಲ್ಲವನ್ನೂ ನಿಜವಾದ ಅಳತೆಯಲ್ಲೇ ಬರೀಬೇಕು. ಚಿಕ್ಕದು ಮಾಡೋದು ಪ್ರಿಂಟ್ ತೆಗೆಯುವಾಗ, ಲೇಔಟ್‌ನಲ್ಲಿ. 1:100 ಅಂದರೆ ಕಾಗದದ 1 ಸೆಂಟಿಮೀಟರ್ ಸೈಟ್‌ನಲ್ಲಿ 1 ಮೀಟರ್. ಇದೇ ಸ್ಕೇಲ್‌ನಲ್ಲಿ ಎ3 ಹಾಳೆಗೆ ಹೊಂದಿಸಿದ ಪ್ಲಾನನ್ನು ಝೆರಾಕ್ಸ್ ಅಂಗಡೀಲಿ ‘ಫಿಟ್’ ಅಂತ ಕೊಟ್ಟು ಎ4ನಲ್ಲಿ ತೆಗೆಸಿದಿರೋ, ಎಲ್ಲ ಸುಮಾರು 71 ಶೇಕಡಕ್ಕೆ ಕುಗ್ಗುತ್ತೆ. ಮೂಲೆಯಲ್ಲಿ ಮಾತ್ರ 1:100 ಅಂತಲೇ ಇರುತ್ತೆ! ಮೇಸ್ತ್ರಿ ಅದರ ಮೇಲೆ ಅಳತೆಪಟ್ಟಿ ಇಟ್ಟರೆ 10 ಅಡಿ ರೂಮು 7 ಅಡಿ ಆಗುತ್ತೆ. ಅದಕ್ಕೇ ಡೈಮೆನ್ಷನ್, ಅಂದರೆ ಗೆರೆ ಪಕ್ಕ ಬರೆದ ಅಂಕಿ, ಅದನ್ನೇ ನೋಡಿ ಪಾಯ ಗುರುತು ಹಾಕಿಸಿ.

ಕೊನೆಗೆ ಫೈಲ್. ಪಿಡಿಎಫ್ ನೋಡೋಕೆ, ಪ್ರಿಂಟ್‌ಗೆ. ತಿದ್ದೋಕೆ ಬರೋದು ಡಿಡಬ್ಲ್ಯುಜಿ. ಮುಂದೆ ಮೇಲಂತಸ್ತು ಹಾಕಿಸೋ ಯೋಚನೆ ಇದ್ದರೆ ಈ ಎರಡನೇ ಫೈಲ್ ಕೂಡ ಬೇಕು ಅಂತ ಎಂಜಿನಿಯರ್‌ಗೆ ಫೀಸ್ ಮಾತಾಡುವಾಗಲೇ ಹೇಳಿಬಿಡಿ.