ಕಬ್ಬಿಣದ ಭಾರ ಇಳಿಸಿದ ಸ್ವಿಚ್ಚು

ಟ್ರಾನ್ಸ್‌ಫಾರ್ಮರ್‌ನಷ್ಟು ಹಟಮಾರಿ ಯಂತ್ರ ವಿದ್ಯುತ್ ಲೋಕದಲ್ಲಿ ಇನ್ನೊಂದಿಲ್ಲ. 1885ರಲ್ಲಿ ಬುಡಾಪೆಸ್ಟ್‌ನ ಗಾಂಜ್ ಕಾರ್ಖಾನೆಯ ಜಿಪರ್ನೋವ್ಸ್ಕಿ, ಬ್ಲಾತಿ, ಡೇರಿ ಎಂಬ ಮೂವರು ಕೊಟ್ಟ ರೂಪವೇ ಮೂಲದಲ್ಲಿ ಇವತ್ತಿಗೂ ಉಳಿದಿದೆ: ಕಬ್ಬಿಣದ ತಿರುಳು, ಅದಕ್ಕೆ ಸುತ್ತಿದ ಎರಡು ತಂತಿಸುರುಳಿ. ನಮ್ಮ ರೈತರು ಟಿ.ಸಿ. ಎನ್ನುವ, 11 ಸಾವಿರ ವೋಲ್ಟನ್ನು 433 ವೋಲ್ಟಿಗೆ ಇಳಿಸುವ ಡಬ್ಬದೊಳಗಿರುವುದೂ ಅದೇ. ಒಳಬಂದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 98 ಪಾಲನ್ನು ಹಾಗೇ ಹೊರಕಳಿಸುತ್ತದೆ, ಸರಿಯಾಗಿ ನೋಡಿಕೊಂಡರೆ ದಶಕಗಟ್ಟಲೆ ಬಾಳುತ್ತದೆ.

ಅದರ ಭಾರಕ್ಕೆ ಮುಖ್ಯ ಕಾರಣ ನಮ್ಮ ಕರೆಂಟಿನ ನಿಧಾನಗತಿ. ಸೆಕೆಂಡಿಗೆ 50 ಆವರ್ತನೆ ಮಾತ್ರ ಇದ್ದರೆ ಪ್ರತಿ ಆವರ್ತನೆಗೂ ಹೆಚ್ಚು ಕಾಂತಪ್ರವಾಹವನ್ನು ತಿರುಳು ಹಿಡಿದಿಟ್ಟುಕೊಳ್ಳಬೇಕು, ಅದಕ್ಕೆ ಹೆಚ್ಚು ಕಬ್ಬಿಣ ಬೇಕು. ಆವರ್ತನೆಯನ್ನು ಸಾವಿರಗಳಿಗೆ ಏರಿಸಿದರೆ ಅಂಗೈಯಲ್ಲಿ ಹಿಡಿಯುವಷ್ಟು ತಿರುಳೂ ಬೇಕಾದಷ್ಟು ಕೆಲಸ ಮಾಡುತ್ತದೆ. ಹಂಡೆಯಲ್ಲಿ ಒಮ್ಮೆಗೇ ಹೊರುವ ನೀರನ್ನು ಚೊಂಬಿನಲ್ಲಿ ಸರಸರನೆ ನೂರು ಸಲ ಸಾಗಿಸಿದ ಹಾಗೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಮೆಕ್‌ಮರ್ರೆ ಇದನ್ನೇ ಹಿಡಿದು, ಕರೆಂಟನ್ನು ಸ್ವಿಚ್ಚುಗಳಿಂದ ತುಂಡರಿಸಿ, ಪುಟ್ಟ ತಿರುಳಿನಿಂದ ದಾಟಿಸಿ, ಮತ್ತೆ ಜೋಡಿಸುವ ಮಂಡಲಕ್ಕೆ 1970ರಲ್ಲಿ ಪೇಟೆಂಟ್ ಪಡೆದರು. ಹತ್ತು ವರ್ಷದ ಬಳಿಕ ಅಮೆರಿಕದ ನೌಕಾಪಡೆಯ ಪ್ರಯೋಗಾಲಯವೊಂದರಲ್ಲಿ ಜೇಮ್ಸ್ ಬ್ರೂಕ್ಸ್ ಇಂಥದ್ದನ್ನು ಪರೀಕ್ಷಿಸಿ ‘ಸಾಲಿಡ್-ಸ್ಟೇಟ್ ಟ್ರಾನ್ಸ್‌ಫಾರ್ಮರ್’ ಹೆಸರಿನಲ್ಲೇ ವರದಿ ಬರೆದರು.

ಉಪಾಯವೇನೋ ಇತ್ತು, ತಕ್ಕ ಸ್ವಿಚ್ಚಿರಲಿಲ್ಲ. ಸಾವಿರಾರು ವೋಲ್ಟ್ ತಡೆದುಕೊಂಡು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವ ಅರೆವಾಹಕ ಆಗ ಎಲ್ಲಿತ್ತು?

ಇಲ್ಲಿ ಬೆಂಗಳೂರು ಬರುತ್ತದೆ. ಬಿ. ಜಯಂತ್ ಬಾಳಿಗಾ ಓದಿದ್ದು ಬಿಷಪ್ ಕಾಟನ್ ಶಾಲೆಯಲ್ಲಿ. ತಂದೆ ವಿಠಲ ಬಾಳಿಗಾ ಬಿಇಎಲ್‌ನ ಮುಖ್ಯಸ್ಥರಾಗಿದ್ದವರು. ಮದ್ರಾಸ್ ಐಐಟಿ ಮುಗಿಸಿ ಅಮೆರಿಕಕ್ಕೆ ಹೋದ ಬಾಳಿಗಾ ಅದೇ ಜನರಲ್ ಎಲೆಕ್ಟ್ರಿಕ್‌ನಲ್ಲಿ 1980ರ ದಶಕದ ಆರಂಭದಲ್ಲಿ ಐಜಿಬಿಟಿ ಎಂಬ ಅರೆವಾಹಕ ಸ್ವಿಚ್ಚನ್ನು ರೂಪಿಸಿದರು. ಇಂದಿನ ಇಂಡಕ್ಷನ್ ಒಲೆಯಿಂದ ವಿದ್ಯುತ್ ರೈಲಿನವರೆಗೆ ಅದೇ ಸ್ವಿಚ್ಚು. ಯಾವ ವಸ್ತುವಿನಿಂದ ಎಷ್ಟು ಒಳ್ಳೆಯ ಸ್ವಿಚ್ಚಾದೀತು ಎಂದು ಲೆಕ್ಕ ಹಾಕುವ ಸೂತ್ರವನ್ನೂ ಅವರೇ ಕೊಟ್ಟರು. ಸಿಲಿಕಾನ್ ಕಾರ್ಬೈಡ್ ಸಿಲಿಕಾನನ್ನು ಎಷ್ಟೋ ಪಟ್ಟು ಮೀರಿಸಬಲ್ಲದೆಂಬುದು ಆ ಸೂತ್ರದಿಂದಲೇ ಗೊತ್ತಾಗುತ್ತದೆ. ಟ್ರಾನ್ಸ್‌ಫಾರ್ಮರ್‌ನ ಈ ಕಥೆಯಲ್ಲಿ ಅವರ ಹೆಸರು ಬದಿಗೆ ಸರಿಯುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

1988ರಲ್ಲಿ ಬಾಳಿಗಾ ಸೇರಿದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲೇ 2008ರಲ್ಲಿ ‘ಫ್ರೀಡಮ್’ ಎಂಬ ಸಂಶೋಧನಾ ಕೇಂದ್ರ ಶುರುವಾಯಿತು. ಅದನ್ನು ಮುನ್ನಡೆಸಿದ ಅಲೆಕ್ಸ್ ಹುವಾಂಗ್ ಅವರ ತಂಡ ಟ್ರಾನ್ಸ್‌ಫಾರ್ಮರನ್ನು ಕಿರಿದು ಮಾಡಿ ಸುಮ್ಮನಾಗಲಿಲ್ಲ, ಅದನ್ನು ‘ಎನರ್ಜಿ ರೂಟರ್’ ಮಾಡಲು ಹೊರಟಿತು. ಹಳೆಯ ಟಿ.ಸಿ. ಕರೆಂಟನ್ನು ಯಾವ ಕಡೆಗಾದರೂ ಬಿಡುತ್ತದೆ, ಆದರೆ ಹಿಡಿತ ಸಾಧಿಸಲಾರದು. ಮನೆಮನೆಯ ಸೋಲಾರ್ ಫಲಕಗಳು ನಡುಮಧ್ಯಾಹ್ನ ಕರೆಂಟನ್ನು ವಾಪಸು ತಳ್ಳಿದಾಗ ತಂತಿಯ ಕೊನೆಯಲ್ಲಿ ವೋಲ್ಟೇಜ್ ಏರಿದರೂ ಅದು ಮೂಕಪ್ರೇಕ್ಷಕ. ಹೊಸ ಪೆಟ್ಟಿಗೆಯಲ್ಲಾದರೆ ನಡುವೆ ಡಿಸಿ ಇರುತ್ತದೆ. ಫಲಕ, ಬ್ಯಾಟರಿ, ಕಾರುಗಳನ್ನು ಅಲ್ಲಿಗೇ ಜೋಡಿಸಬಹುದು, ಯಾವ ದಿಕ್ಕಿಗೆ ಎಷ್ಟು ಹರಿಯಬೇಕೆಂದು ಹೇಳಬಹುದು. ತಂಡದ ಮೊದಲ ಮಾದರಿಯಲ್ಲಿದ್ದದ್ದು 6,500 ವೋಲ್ಟಿನ ಸಿಲಿಕಾನ್ ಐಜಿಬಿಟಿ, ಮುಂದಿನದರಲ್ಲಿ 15 ಸಾವಿರ ವೋಲ್ಟಿನ ಸಿಲಿಕಾನ್ ಕಾರ್ಬೈಡ್.

ಇಷ್ಟಾದರೂ ಗ್ರಿಡ್ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಶಾರ್ಟ್ ಸರ್ಕ್ಯೂಟ್ ಆದರೆ ಹಳೆಯ ಟ್ರಾನ್ಸ್‌ಫಾರ್ಮರ್ ಫ್ಯೂಸ್ ಹೋಗುವ ತನಕ ಹಲವು ಪಟ್ಟು ಕರೆಂಟನ್ನು ನುಂಗಿಕೊಂಡು ನಿಂತಿರುತ್ತದೆ. ಐಜಿಬಿಟಿಗೆ ಸಿಗುವುದು ಸುಮಾರು 10 ಮೈಕ್ರೊಸೆಕೆಂಡ್. ಸಿಡಿಲಿನದೂ ಇದೇ ಪಾಡು. ಟಿ.ಸಿ. ಸುಟ್ಟರೆ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ ತಂತಿ ಸುತ್ತಿಸಬಹುದು, ಇದನ್ನು ಯಾರಲ್ಲಿಗೆ ಒಯ್ಯುವುದು? ಬೆಲೆಯಂತೂ ಹೇಳುವ ಹಾಗಿಲ್ಲ.

ಹಾಗಾಗಿ ಅದು ಬೇರೆ ಬಾಗಿಲುಗಳನ್ನು ಹುಡುಕಿತು. ಸ್ವಿಟ್ಜರ್ಲೆಂಡ್‌ನ ರೈಲುಗಳು ಓಡುವುದು 16.7 ಹರ್ಟ್ಜ್ ಕರೆಂಟಿನಲ್ಲಿ. ಅಲ್ಲಿ ಕಬ್ಬಿಣ ಇನ್ನೂ ಹೆಚ್ಚು ಬೇಕು, ಅದನ್ನು ರೈಲೇ ಹೊತ್ತು ಓಡಬೇಕು. 2012ರಲ್ಲಿ ಎಬಿಬಿ ಕಂಪನಿ ಜಿನೀವಾದ ಶಂಟಿಂಗ್ ಎಂಜಿನ್ನೊಂದರಲ್ಲಿ ಇಂಥ ಟ್ರಾನ್ಸ್‌ಫಾರ್ಮರನ್ನು ಪರೀಕ್ಷೆಗೆ ಓಡಿಸಿತು. ಈಗಿನ ದೊಡ್ಡ ಬಾಗಿಲು ಎಐ ದತ್ತಾಂಶ ಕೇಂದ್ರಗಳದು. ಚಿಪ್ ಕಂಪನಿ ಎನ್ವಿಡಿಯಾ ಅವುಗಳಿಗೆ 800 ವೋಲ್ಟಿನ ಡಿಸಿ ವ್ಯವಸ್ಥೆಯನ್ನು 2025ರಲ್ಲಿ ಪ್ರಕಟಿಸಿದ ಮೇಲೆ, ಸಾವಿರಾರು ವೋಲ್ಟಿನ ಎಸಿಯನ್ನು ಒಂದೇ ಪೆಟ್ಟಿಗೆಯಲ್ಲಿ ನೇರ ಡಿಸಿ ಮಾಡುವ ಆಸೆ ಚಿಗುರಿದೆ. ಅಲ್ಲಿ ಈ ಪೆಟ್ಟಿಗೆಯ ಬೆಲೆಯನ್ನು ಯಾರೂ ಟಿ.ಸಿ.ಯ ಬೆಲೆಯೊಂದಿಗೆ ತೂಗುವುದಿಲ್ಲ. ಉಳಿಯುವ ಜಾಗ, ತಾಮ್ರಗಳೊಂದಿಗೆ ತೂಗುತ್ತಾರೆ. ಗ್ರಿಡ್‌ಗೆಂದು ಕಟ್ಟಿದ ರೂಟರಿಗೆ ಮೊದಲ ದೊಡ್ಡ ಗಿರಾಕಿಗಳು ಅವರೇ ಆಗುವಂತಿದೆ. ವಿದ್ಯುತ್ ಸರಬರಾಜು ಕಂಪನಿಗಳ ಟೆಂಡರಿನಲ್ಲಿ ಅದರ ಸರದಿ ಬರುವುದು ಬೆಲೆ ಇಳಿದ ಮೇಲೆಯೇ.