ಬೇತಾಳ ಕಲಿಸಿದ ಪಾಠ

ಬೇಸಿಗೆಯ ರಾತ್ರಿ. ಇಂಡಿ ತಾಲ್ಲೂಕಿನ ತಾಂಬಾದಲ್ಲಿ ಕರೆಂಟು ಹೋಯಿತೆಂದರೆ ಹಾಸಿಗೆಗಳು ಮಾಳಿಗೆ ಏರುತ್ತವೆ. ‘ಆಯೀ, ದೆವ್ವದ ಕತಿ ಹೇಳು’ ಎಂದು ಮೊಮ್ಮಕ್ಕಳ ಹಟ. ಕಥೆ ಮುಗಿಯುವ ಹೊತ್ತಿಗೆ ಎಲ್ಲರೂ ಒಂದೇ ಕೌದಿಯೊಳಗೆ! ಮರುರಾತ್ರಿ ಮತ್ತೆ ಅದೇ ಹಟ. ಹೆದರಿಕೆಯಲ್ಲಿ ಏನಿದೆ ಅಂಥ ಸುಖ?

ಹೆದರಿದಾಗ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ. ಆದರೆ ಪಕ್ಕದಲ್ಲೇ ಆಯಿ ಇದ್ದಾಳೆಂಬುದು ಮಿದುಳಿಗೆ ಗೊತ್ತು. ಅಪಾಯವಿಲ್ಲದ ಭಯಕ್ಕೆ ಬೇರೆಯೇ ರುಚಿ.

ಈ ರುಚಿಯನ್ನು ಚೆನ್ನಾಗಿ ಬಲ್ಲವು ಬೇತಾಳ ಕಥೆಗಳು. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಸಂಸ್ಕೃತದಲ್ಲಿ ರಚಿಸಿದ ‘ಕಥಾಸರಿತ್ಸಾಗರ’ದಲ್ಲಿ ಇವು ಸೇರಿವೆ. ಕನ್ನಡದ ಮಕ್ಕಳಿಗೆ ಇವುಗಳ ಗೀಳು ಹಿಡಿಸಿದ್ದು 1949ರಲ್ಲಿ ಕನ್ನಡದಲ್ಲಿ ಆರಂಭವಾದ ‘ಚಂದಮಾಮ’. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ - ಕಲಾವಿದ ಶಂಕರ್ ಬರೆದ ಆ ಚಿತ್ರವನ್ನು ಮರೆತವರುಂಟೆ? ಮೂಲ ಕಥೆಗಳು ಮುಗಿದ ಮೇಲೂ ಹೊಸ ಕಥೆಗಳು ಅದೇ ಹೆಗಲೇರಿ ಬಂದವು. ಪತ್ರಿಕೆ ನಿಂತುಹೋಯಿತು, ಬೇತಾಳ ನಿಂತಿಲ್ಲ.

ಸ್ಮಶಾನದ ಮರದಿಂದ ಹೆಣ ತರಲು ಸನ್ಯಾಸಿಯೊಬ್ಬ ರಾಜನನ್ನು ಕಳಿಸುತ್ತಾನೆ. ಹೆಣದೊಳಗಿನ ಬೇತಾಳ ದಾರಿಯಲ್ಲಿ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿದು ಹೋಳಾಗುತ್ತದೆ. ಬಾಯಿ ತೆರೆದರೆ ಹೆಣ ಮತ್ತೆ ಮರಕ್ಕೆ!

ಒಂದು ಕಥೆಯಲ್ಲಿ ಗಂಡನ ತಲೆ ಅಣ್ಣನ ಮುಂಡಕ್ಕೆ, ಅಣ್ಣನ ತಲೆ ಗಂಡನ ಮುಂಡಕ್ಕೆ ಸೇರಿಬಿಡುತ್ತದೆ. ಆಕೆಗೆ ಗಂಡ ಯಾರು? ದೇಹಕ್ಕೆ ತಲೆಯೇ ಮುಖ್ಯ, ಗಂಡನ ತಲೆಯುಳ್ಳವನೇ ಗಂಡ ಎಂದ ರಾಜ. ಆದರೆ ದೇಹಕ್ಕೆ ನೆನಪಿಲ್ಲವೆ? ಗಿರೀಶ ಕಾರ್ನಾಡರು 1971ರಲ್ಲಿ ‘ಹಯವದನ’ ನಾಟಕದಲ್ಲಿ ಗಂಡ ಮತ್ತು ಗೆಳೆಯನ ತಲೆಗಳನ್ನು ಅದಲುಬದಲು ಮಾಡಿ ಈ ಒಗಟನ್ನು ಮತ್ತೆ ಕೆದಕಿದರು.

ಕೊನೆಯ ಒಗಟು ಇನ್ನೂ ವಿಚಿತ್ರ. ಅಪ್ಪ ಮಗಳನ್ನು ಮದುವೆಯಾದ, ಅವನ ಮಗ ಆಕೆಯ ತಾಯಿಯನ್ನು ಮದುವೆಯಾದ. ಎರಡೂ ಜೋಡಿಗೆ ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ರಾಜನಿಗೆ ತಿಳಿಯಲಿಲ್ಲ. ಊಹಿಸಿ ಹೇಳಲಿಲ್ಲ, ಸುಮ್ಮನೆ ನಡೆದ. ಮೆಚ್ಚಿದ ಬೇತಾಳ ಗುಟ್ಟು ಬಿಟ್ಟುಕೊಟ್ಟಿತು: ಸನ್ಯಾಸಿ ಅವನನ್ನೇ ಬಲಿ ಕೊಡಲು ಕಾದಿದ್ದಾನೆ! ರಾಜ ಬದುಕಿಕೊಂಡ.

ಬೇತಾಳ ಕಲಿಸುವ ಪಾಠ ಇದೇ. ಗೊತ್ತಿದ್ದೂ ಸುಮ್ಮನಿರುವುದು ತಪ್ಪು. ಗೊತ್ತಿಲ್ಲದಾಗ ಗೊತ್ತಿದ್ದಂತೆ ನಟಿಸದಿರುವುದು ಜಾಣತನ. ಹೆದರಿಸಲು ಬಂದ ದೆವ್ವ ವಿಚಾರ ಮಾಡಲು ಕಲಿಸಿ ಹೋಗುತ್ತದೆ.

ಮಾಳಿಗೆಯ ಮೇಲೆ ಬೆರಳೆಣಿಸಿ ಸೋತ ಹುಡುಗ ಕೇಳುತ್ತಾನೆ, ‘ಆಯೀ, ಆ ಮಕ್ಕಳು ಏನಾಗಬೇಕು?’

‘ನನಗೂ ಗೊತ್ತಿಲ್ಲಪಾ. ಮಲಕ್ಕೋ.’

ನಿದ್ದೆ ಎಲ್ಲಿಯದು?