ಟೋಕಿಯೋದ ಓಣಿಗಳಲ್ಲಿ

ಜಪಾನೀ ಭಾಷೆಯಲ್ಲಿ ‘ಗಿಂಬುರಾ’ ಎಂಬುದೊಂದು ಸೊಗಸಾದ ಮಾತುಂಟು. ಗಿಂಜಾ ಎಂಬ ಪೇಟೆಯ ಹೆಸರಿನ ಮೊದಲ ಭಾಗಕ್ಕೆ, ಗೊತ್ತುಗುರಿಯಿಲ್ಲದೆ ತಿರುಗಾಡುವುದೆಂಬ ಅರ್ಥದ ಇನ್ನೊಂದು ತುಣುಕನ್ನು ಬೆಸೆದು ಟೋಕಿಯೋ ನಗರದವರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಈ ಪದವನ್ನು ರೂಢಿಗೆ ತಂದರು. ಕೊಳ್ಳಬೇಕಾದುದು ಏನೂ ಇಲ್ಲ. ಕಾಣಬೇಕಾದವರು ಯಾರೂ ಇಲ್ಲ. ಸುಮ್ಮನೆ ಅಂಗಡಿಸಾಲುಗಳನ್ನು ನೋಡುತ್ತ, ಎದುರಾದವರ ಉಡುಗೆತೊಡುಗೆಗಳನ್ನು ಗಮನಿಸುತ್ತ ನಡೆದು, ಕಾಲು ಸೋತಾಗ ಒಂದು ಬಟ್ಟಲು ಕಾಫಿ ಕುಡಿದು ಮನೆಗೆ ಮರಳುವುದು—ಇಷ್ಟೇ ಅದರ ಅರ್ಥ. ದುಡಿಮೆಗೆ ಹೆಸರಾದ ಜನಾಂಗವೊಂದು ಕೆಲಸವಿಲ್ಲದ ತಿರುಗಾಟಕ್ಕೆಂದೇ ಒಂದು ಪದವನ್ನು ಇಟ್ಟುಕೊಂಡಿರುವುದು ಕುತೂಹಲದ ಸಂಗತಿಯಲ್ಲವೆ?

ಟೋಕಿಯೋ ಮಹಾನಗರದಲ್ಲಿ ಸುಮಾರು ಒಂದು ಕೋಟಿ ನಲವತ್ತು ಲಕ್ಷ ಜನರು ವಾಸವಾಗಿದ್ದಾರೆ. ಅವರಲ್ಲಿ ಒಬ್ಬೊಬ್ಬರಿಗೂ ಬಿಡುವಿನ ವೇಳೆಯಲ್ಲಿ ಕಾಲು ತಾನಾಗಿಯೇ ಎಳೆದೊಯ್ಯುವ ಒಂದೊಂದು ಮೆಚ್ಚಿನ ಕೇರಿಯುಂಟು. ಆ ಕೇರಿಗಳಲ್ಲಿ ಬಹುಪಾಲು ಅಗಲವಾದ ರಾಜಬೀದಿಗಳಲ್ಲ. ಇಬ್ಬರು ಎದುರುಬದುರಾದರೆ ಒಬ್ಬರು ಸರಿದು ನಿಲ್ಲಬೇಕಾದ ಓಣಿಗಳು. ಅವು ಇಂದಿಗೂ ಉಳಿದುಕೊಂಡಿರುವುದು ಅದೃಷ್ಟದಿಂದಷ್ಟೇ ಅಲ್ಲ, ಅಲ್ಲಿನ ನಿವಾಸಿಗಳ ಹಟದಿಂದಲೂ ಎಂಬುದನ್ನು ಅವುಗಳ ಚರಿತ್ರೆ ತಿಳಿಸುತ್ತದೆ.

ಹೆಸರಿಲ್ಲದ ಬೀದಿಗಳು

ಟೋಕಿಯೋ ನಗರದ ಬಹುತೇಕ ಬೀದಿಗಳಿಗೆ ಹೆಸರೇ ಇಲ್ಲವೆಂದರೆ ಹೊಸಬರಿಗೆ ಆಶ್ಚರ್ಯವಾದೀತು. ಅಲ್ಲಿ ಸಂಖ್ಯೆ ಬೀಳುವುದು ಬೀದಿಗಲ್ಲ, ನೆಲಕ್ಕೆ. ಪೇಟೆಯನ್ನು ವಿಭಾಗಗಳಾಗಿಯೂ ವಿಭಾಗವನ್ನು ಮನೆಗಳ ಗುಂಪುಗಳಾಗಿಯೂ ಒಡೆದು ಒಂದೊಂದಕ್ಕೂ ಅಂಕಿ ಕೊಟ್ಟಿರುತ್ತಾರೆ. ಆದಕಾರಣ ವಿಳಾಸ ಕೈಯಲ್ಲಿದ್ದರೂ ದಾರಿ ತಪ್ಪುವುದು ಅಲ್ಲಿ ಸಾಮಾನ್ಯ. ಮೂಲೆ ಮೂಲೆಗೂ ಇರುವ ‘ಕೋಬಾನ್’ ಎಂಬ ಪುಟ್ಟ ಪೊಲೀಸ್ ಚೌಕಿಗಳಲ್ಲಿ ದಾರಿ ಹೇಳುವುದೂ ಒಂದು ನಿತ್ಯದ ಕರ್ತವ್ಯ.

ಜನರು ಕೇರಿಯನ್ನು ಗುರುತಿಸುವುದು ರೈಲು ನಿಲ್ದಾಣದ ಹೆಸರಿನಿಂದ. ೧೯೨೫ರಲ್ಲಿ ಪೂರ್ಣ ವರ್ತುಲವಾದ ಯಾಮಾನೋತೆ ರೈಲುದಾರಿ ೩೪.೫ ಕಿಲೋಮೀಟರು ಉದ್ದವಿದ್ದು, ಅದರ ಮೇಲೆ ಈಗ ೩೦ ನಿಲ್ದಾಣಗಳಿವೆ. ರೈಲಿನಿಂದ ಇಳಿದವರು ಕಾಲ್ನಡಿಗೆಯಲ್ಲಿಯೇ ಮುಂದುವರಿಯುವುದರಿಂದ ನಿಲ್ದಾಣದ ಸುತ್ತ ತಾನಾಗಿಯೇ ಪೇಟೆಯೊಂದು ಬೆಳೆಯುತ್ತದೆ. ಇದಕ್ಕೆ ಸರಕಾರದ ಕಟ್ಟಳೆಯೊಂದೂ ನೆರವಾಯಿತು. ಮೋಟಾರು ಕೊಳ್ಳುವವನು ಅದನ್ನು ನಿಲ್ಲಿಸಲು ತನಗೆ ಬೇರೆ ಜಾಗವಿದೆಯೆಂದು ರುಜುವಾತು ಮಾಡಿಕೊಡಬೇಕೆಂದು ೧೯೬೨ರಲ್ಲಿ ಕಾಯಿದೆಯಾಯಿತು. ರಾತ್ರಿಯೆಲ್ಲ ಬೀದಿಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಓಣಿಗಳು ಕಿರಿದಾಗಿದ್ದರೂ ನಡೆಯುವವರಿಗೆ ತೆರವಾಗಿರುವುದರ ಒಂದು ಗುಟ್ಟು ಇಲ್ಲಿದೆ.

ಬೆಳ್ಳಿಯ ಪೇಟೆ

ಗಿಂಜಾ ಎಂದರೆ ಬೆಳ್ಳಿಯ ಟಂಕಸಾಲೆ. ೧೬೧೨ರಲ್ಲಿ ಬೆಳ್ಳಿ ನಾಣ್ಯ ಅಚ್ಚು ಹಾಕುವ ಕಾರ್ಯಾಲಯ ಅಲ್ಲಿಗೆ ಬಂದುದರಿಂದ ಆ ಹೆಸರು ನಿಂತಿತು. ೧೮೭೨ರ ಅಗ್ನಿಪ್ರಮಾದದಲ್ಲಿ ಪೇಟೆ ಭಸ್ಮವಾದಾಗ, ಬೆಂಕಿಗೆ ಜಗ್ಗದ ಇಟ್ಟಿಗೆಯ ಕಟ್ಟಡಗಳ ಸಾಲನ್ನು ಥಾಮಸ್ ವಾಟರ್ಸ್ ಎಂಬ ಶಿಲ್ಪಿಯಿಂದ ಸರಕಾರ ಕಟ್ಟಿಸಿತು. ಇಂದಿಗೂ ಕಾಣುವ ಗಡಿಯಾರದ ಗೋಪುರ ೧೯೩೨ರದು. ೧೯೭೦ರ ಆಗಸ್ಟ್ ತಿಂಗಳಿನಲ್ಲಿ ರಜಾದಿನಗಳಂದು ಮುಖ್ಯಬೀದಿಗೆ ವಾಹನಗಳನ್ನು ಬಿಡದೆ ಅದನ್ನು ಪಾದಚಾರಿಗಳಿಗೆ ಒಪ್ಪಿಸುವ ಪದ್ಧತಿ ಆರಂಭವಾಯಿತು. ನಡುಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಕಾಲ ಕಳೆಯುವ ಕುಟುಂಬಗಳನ್ನು ಅಲ್ಲಿ ಈಗಲೂ ಕಾಣಬಹುದು.

ಈ ತಿರುಗಾಟದ ಪೇಟೆಗಳಿಗೆ ಭಾರತದ ಕಂಪೂ ಸೇರಿದೆ. ಬ್ರಿಟಿಷರಿಂದ ತಪ್ಪಿಸಿಕೊಂಡು ೧೯೧೫ರಲ್ಲಿ ಜಪಾನಿಗೆ ಬಂದ ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸರಿಗೆ ಶಿಂಜುಕು ಪೇಟೆಯ ನಾಕಾಮುರಾಯಾ ಎಂಬ ರೊಟ್ಟಿಯಂಗಡಿಯ ಸೋಮಾ ದಂಪತಿಗಳು ಆಶ್ರಯವಿತ್ತರು. ಬೋಸರು ೧೯೧೮ರಲ್ಲಿ ಆ ಮನೆಯ ಮಗಳು ತೋಶಿಕೋಳನ್ನೇ ವರಿಸಿದರು. ೧೯೨೭ರಲ್ಲಿ ನಾಕಾಮುರಾಯಾ ಉಪಾಹಾರ ಮಂದಿರವನ್ನು ತೆರೆದಾಗ ಭಾರತೀಯ ರೀತಿಯ ಸಾರನ್ನೂ ಅನ್ನವನ್ನೂ ಬಡಿಸುವ ಏರ್ಪಾಡು ಮಾಡಿದವರೂ ಅವರೇ. ಅವರ ಸಂಗಾತಿಗಳಲ್ಲೊಬ್ಬರಾದ ಕೇರಳದ ಎ. ಎಂ. ನಾಯರ್ ೧೯೪೯ರಲ್ಲಿ ಗಿಂಜಾದಲ್ಲಿಯೇ ಭೋಜನಾಲಯವೊಂದನ್ನು ತೆರೆದರು. ದೇಶಭ್ರಷ್ಟರಾದವರ ಅಡುಗೆ ಪರದೇಶದ ನಗರಕ್ಕೆ ನಿತ್ಯದ ರುಚಿಯಾಯಿತು.

ಅಸಾಕುಸಾ: ದೇವರೂ ಜಾತ್ರೆಯೂ

ಸುಮಿದಾ ನದಿಯ ದಂಡೆಯ ಅಸಾಕುಸಾ ಹಳೆಯ ತಲೆಮಾರಿನವರ ಮೆಚ್ಚಿನ ತಾಣ. ಕ್ರಿ. ಶ. ೬೨೮ರಲ್ಲಿ ಇಬ್ಬರು ಬೆಸ್ತ ಸೋದರರ ಬಲೆಗೆ ಕನ್ನೋನ್ ದೇವತೆಯ ವಿಗ್ರಹ ಸಿಕ್ಕಿತೆಂದೂ ಸೆನ್ಸೋಜಿ ದೇವಾಲಯ ಅದರಿಂದ ಹುಟ್ಟಿತೆಂದೂ ಐತಿಹ್ಯ. ಕನ್ನೋನ್ ಎಂದರೆ ಬೌದ್ಧರ ಅವಲೋಕಿತೇಶ್ವರ. ಮಹಾದ್ವಾರದಿಂದ ಒಳಕ್ಕೆ ಸುಮಾರು ೨೫೦ ಮೀಟರು ಉದ್ದದ ಅಂಗಡಿಬೀದಿ. ಎರಡೂ ಕಡೆ ತಿಂಡಿ, ಬೀಸಣಿಗೆ, ಆಟದ ಸಾಮಾನು. ದೇವರ ದರ್ಶನಕ್ಕೆ ಹೋದವರು ಜಾತ್ರೆಯನ್ನೂ ಮುಗಿಸಿಕೊಂಡು ಬರುವುದು ಅಲ್ಲಿಯೂ ಉಂಟು. ಜಪಾನಿನ ಮೊಟ್ಟಮೊದಲ ಕಾಯಂ ಚಲನಚಿತ್ರ ಮಂದಿರ ೧೯೦೩ರಲ್ಲಿ ತೆರೆದುದೂ ಇಲ್ಲಿಯೇ.

ಇದೇ ಅಸಾಕುಸಾ ಎರಡು ಸಲ ಬೂದಿಯಾಯಿತು. ೧೮೯೦ರಲ್ಲಿ ಕಟ್ಟಿದ ಹನ್ನೆರಡು ಅಂತಸ್ತಿನ ಗೋಪುರ ೧೯೨೩ರ ಭೂಕಂಪದಲ್ಲಿ ಮುರಿದುಬಿತ್ತು. ೧೯೪೫ರ ಮಾರ್ಚ್ ೧೦ರ ವಿಮಾನದಾಳಿಯಲ್ಲಿ ದೇವಾಲಯವೇ ಉರಿದುಹೋಯಿತು. ಮುಖ್ಯಮಂದಿರವನ್ನು ೧೯೫೮ರಲ್ಲಿ ಮತ್ತೆ ಕಟ್ಟಿದರು. ದೊಡ್ಡ ಕೆಂಪು ಲಾಂದ್ರ ತೂಗುವ ಮಹಾದ್ವಾರ ೧೯೬೦ರಲ್ಲಿ ಉದ್ಯಮಿ ಮಾತ್ಸುಶಿತಾ ಕೋನೋಸುಕೆ ಅವರ ಕಾಣಿಕೆಯಿಂದ ಎದ್ದುನಿಂತಿತು.

ಬಿಸಿಲಿಗೆ ಬೆನ್ನು ಮಾಡಿದ ಅಂಗಡಿಗಳು

ಪುಸ್ತಕಪ್ರಿಯರಿಗೆ ಜಿಂಬೋಚೋ ಒಂದು ತೀರ್ಥಕ್ಷೇತ್ರವೇ ಸರಿ. ಅಲ್ಲಿ ನೂರಕ್ಕೂ ಮಿಕ್ಕ ಹಳೆಯ ಪುಸ್ತಕದ ಅಂಗಡಿಗಳಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಸುತ್ತಿನಲ್ಲಿ ಕಾನೂನು ಶಾಲೆಗಳು ನೆಲೆಗೊಂಡಾಗ, ಓದಿ ಮುಗಿಸಿದ ಪುಸ್ತಕಗಳನ್ನು ಮಾರುವ ವಿದ್ಯಾರ್ಥಿಗಳೂ ಕೊಳ್ಳುವ ವಿದ್ಯಾರ್ಥಿಗಳೂ ಸೇರಿ ಈ ವ್ಯಾಪಾರವನ್ನು ಬೆಳೆಸಿದರು. ಅಂಗಡಿಗಳಲ್ಲಿ ಹೆಚ್ಚಿನವು ಹೆದ್ದಾರಿಯ ದಕ್ಷಿಣ ಮಗ್ಗುಲಲ್ಲಿದ್ದು ಉತ್ತರಕ್ಕೆ ಮುಖಮಾಡಿವೆ. ಬಿಸಿಲು ನೇರವಾಗಿ ಬಿದ್ದರೆ ಪುಸ್ತಕಗಳ ಬಣ್ಣ ಕೆಡುವುದೆಂಬುದೇ ಅದಕ್ಕೆ ಕಾರಣ. ೧೯೧೩ರಲ್ಲಿ ಇಂಥದೇ ಸಣ್ಣ ಅಂಗಡಿಯನ್ನು ತೆರೆದ ಇವಾನಾಮಿ ಶಿಗೆಓ, ಮರುವರ್ಷವೇ ನಾತ್ಸುಮೆ ಸೋಸೆಕಿಯ ‘ಕೊಕೋರೋ’ ಕಾದಂಬರಿಯನ್ನು ಹೊರತಂದು ದೇಶದ ಪ್ರಮುಖ ಪ್ರಕಾಶಕರಲ್ಲೊಬ್ಬನಾದನು. ೧೯೬೦ರಿಂದ ಅಲ್ಲಿ ಶರತ್ಕಾಲದಲ್ಲಿ ಹಳೆಯ ಪುಸ್ತಕಗಳ ಉತ್ಸವ ನಡೆದುಬಂದಿದೆ. ಆಗ ಪುಸ್ತಕಗಳು ಕಪಾಟುಗಳಿಂದಿಳಿದು ಕಾಲುದಾರಿಯ ಮೇಲೆಯೇ ಸಾಲುಗಟ್ಟುತ್ತವೆ.

ಮೂವರು ಗೃಹಿಣಿಯರ ಪತ್ರಿಕೆ

ಯಾನಾಕಾ ಹುಟ್ಟಿದುದೇ ಬೆಂಕಿಯಿಂದ. ೧೬೫೭ರ ಮಹಾಗ್ನಿಯಲ್ಲಿ ನಗರದ ಬಹುಭಾಗ ಸುಟ್ಟಾಗ ಅನೇಕ ದೇವಾಲಯಗಳು ಈ ಗುಡ್ಡದ ಸೀಮೆಗೆ ಸ್ಥಳಾಂತರ ಹೊಂದಿದವು. ಮುಂದೆ ೧೯೨೩ರಲ್ಲಿಯೂ ೧೯೪೫ರಲ್ಲಿಯೂ ನಗರ ಉರಿದಾಗ ಯಾನಾಕಾದ ಬಹುಪಾಲು ಉಳಿದುಕೊಂಡಿತು. ಆದಕಾರಣ ಮರದ ಮನೆಗಳು, ಬಾಗಿಲ ಮುಂದಿನ ಹೂಕುಂಡಗಳು, ಬಿಸಿಲು ಕಾಯಿಸುವ ಬೆಕ್ಕುಗಳು ಅಲ್ಲಿ ಇನ್ನೂ ಇವೆ. ೧೭೦ ಮೀಟರುಗಳಷ್ಟು ಉದ್ದದ ಅಂಗಡಿಬೀದಿಗೆ ಇಳಿಯುವ ಸೋಪಾನಕ್ಕೆ ‘ಸಂಜೆಗೆಂಪಿನ ಮೆಟ್ಟಿಲು’ ಎಂಬರ್ಥದ ಹೆಸರಿದೆ.

ಬೆಂಕಿಗೆ ತಪ್ಪಿಸಿಕೊಂಡ ಯಾನಾಕಾ ಮರೆವಿಗೂ ತಪ್ಪಿಸಿಕೊಳ್ಳಬೇಕಾಗಿತ್ತು. ೧೯೮೪ರಲ್ಲಿ, ನೆಲದ ಬೆಲೆ ಏರುತ್ತ ಹಳೆಯ ಮನೆಗಳು ಒಂದೊಂದಾಗಿ ಮಾಯವಾಗುತ್ತಿದ್ದಾಗ, ಮೋರಿ ಮಾಯುಮಿ ಮತ್ತು ಇನ್ನಿಬ್ಬರು ಗೃಹಿಣಿಯರು ಸಣ್ಣದೊಂದು ಪತ್ರಿಕೆಯನ್ನು ಆರಂಭಿಸಿದರು. ಯಾನಾಕಾ, ನೆಜು, ಸೆಂದಾಗಿ ಎಂಬ ಮೂರು ನೆರೆಕೇರಿಗಳ ಹೆಸರೇ ಆ ಪತ್ರಿಕೆಯ ಹೆಸರು. ವೃದ್ಧರ ಬಳಿ ಕುಳಿತು ಅವರು ಹೇಳಿದುದನ್ನು ಬರೆದುಕೊಳ್ಳುವುದು, ಯಾವ ಮೂಲೆಯಲ್ಲಿ ಯಾವ ಅಂಗಡಿಯಿತ್ತೆಂಬುದನ್ನು ದಾಖಲಿಸುವುದು, ಅಚ್ಚಾದ ಪ್ರತಿಗಳನ್ನು ಅಂಗಡಿ ಅಂಗಡಿಗೆ ಒಯ್ದುಕೊಡುವುದು—ಇದೇ ಅವರ ಕಾಯಕ. ೨೦೦೯ರವರೆಗೆ ಪತ್ರಿಕೆ ನಡೆಯಿತು. ಮೂರು ಹೆಸರುಗಳನ್ನು ಮೊಟಕುಗೊಳಿಸಿದ ‘ಯಾನೆಸೆನ್’ ಎಂಬ ಮಾತು ಈಗ ಆ ಪ್ರದೇಶಕ್ಕೇ ಹೆಸರಾಗಿದೆ. ತಮ್ಮ ಕೇರಿಗೆ ಒಂದು ಚರಿತ್ರೆಯಿದೆಯೆಂದು ಜನರಿಗೆ ತಿಳಿದ ಮೇಲೆ ಅದನ್ನು ಕೆಡವುವುದು ಅಷ್ಟು ಸುಲಭವಲ್ಲ.

ಸರಸ್ವತಿಯ ಕೊಳ

ನಗರದ ಪಶ್ಚಿಮಕ್ಕಿರುವ ಕಿಚಿಜೋಜಿ ತರುಣ ಕುಟುಂಬಗಳ ಮೆಚ್ಚಿನ ಸ್ಥಳ. ಅಲ್ಲಿನ ಇನೋಕಾಶಿರಾ ಉದ್ಯಾನವನ್ನು ೧೯೧೭ರಲ್ಲಿ ಸಾರ್ವಜನಿಕರಿಗೆ ತೆರೆದರು. ಅದರ ನಡುವಿನ ಕೊಳ ಹಿಂದೆ ನಗರಕ್ಕೆ ಕುಡಿಯುವ ನೀರನ್ನು ಒದಗಿಸಿದ ಒರತೆ. ಕೊಳದ ಅಧಿದೇವತೆ ಬೆಂಜೈಟೆನ್. ಬೌದ್ಧಧರ್ಮದೊಡನೆ ಚೀನದ ಮಾರ್ಗವಾಗಿ ಜಪಾನಿಗೆ ತಲುಪಿದ ಸರಸ್ವತಿಯೇ ಈಕೆ. ಪ್ರೇಮಿಗಳು ಜೊತೆಯಾಗಿ ಈ ಕೊಳದಲ್ಲಿ ದೋಣಿವಿಹಾರ ಮಾಡಿದರೆ ದೇವಿ ಅಸೂಯೆಗೊಂಡು ಅವರನ್ನು ಅಗಲಿಸುವಳೆಂದು ಅಲ್ಲಿನವರ ನಂಬಿಕೆ. ಆದರೂ ದೋಣಿಗಳು ಖಾಲಿಯಿರುವುದಿಲ್ಲವಂತೆ!

ನಿಲ್ದಾಣದ ಪಕ್ಕದಲ್ಲಿಯೇ ಯುದ್ಧಾನಂತರದ ಕಾಳಸಂತೆಯಿಂದ ಬೆಳೆದ ಓಣಿಗಳ ಜಾಲವೊಂದಿದೆ. ಪುಟ್ಟ ಅಂಗಡಿಗಳು ಹಾರ್ಮೋನಿಕಾ ವಾದ್ಯದ ರಂಧ್ರಗಳಂತೆ ಒತ್ತೊತ್ತಾಗಿ ಸಾಲುಗೂಡಿರುವುದರಿಂದ ಅದಕ್ಕೆ ಆ ವಾದ್ಯದ ಹೆಸರೇ ಬಂದಿದೆ.

ಓಣಿಯೋ ಹೆದ್ದಾರಿಯೋ?

ಶಿಮೊಕಿತಜಾವಾದ ಓಣಿಗಳು ಹಿಂದಿನ ಹೊಲಗದ್ದೆಗಳ ಕಾಲುದಾರಿಗಳಂತೆಯೇ ಅಂಕುಡೊಂಕು. ೧೯೮೨ರಲ್ಲಿ ಹೊಂಡಾ ನಾಟಕಮಂದಿರ ತೆರೆದ ಬಳಿಕ ಅದು ನಾಟಕದವರ, ಸಂಗೀತಗಾರರ, ಹಳೆಯ ಉಡುಪುಗಳ ಕೇರಿಯಾಗಿ ಹೆಸರು ಮಾಡಿತು. ಅದರ ನಡುವೆ, ಕೆಲವೆಡೆ ೨೬ ಮೀಟರು ಅಗಲದ ರಸ್ತೆಯನ್ನು ತೆಗೆಯುವ ಹಳೆಯ ಯೋಜನೆ ೨೦೦೩ರಲ್ಲಿ ಮತ್ತೆ ತಲೆಯೆತ್ತಿದಾಗ ನಿವಾಸಿಗಳು ಸಂಘ ಕಟ್ಟಿದರು. ೨೦೦೬ರಲ್ಲಿ ವಿಷಯ ನ್ಯಾಯಾಲಯಕ್ಕೂ ಹೋಯಿತು. ಯೋಜನೆ ರದ್ದಾಗಲಿಲ್ಲ. ಆದರೆ ೨೦೧೩ರಲ್ಲಿ ರೈಲುದಾರಿಯನ್ನು ನೆಲದಡಿಗೆ ಇಳಿಸಿದ ಮೇಲೆ, ತೆರವಾದ ೧.೭ ಕಿಲೋಮೀಟರು ಉದ್ದದ ಜಾಗದಲ್ಲಿ ಕಾಲುದಾರಿಯೂ ಗಿಡಮರಗಳೂ ಸಣ್ಣ ಅಂಗಡಿಗಳೂ ಬಂದವು. ೨೦೨೨ರಲ್ಲಿ ಅದು ಪೂರ್ತಿಯಾಯಿತು.

ಇಲ್ಲಿ ಸರಕಾರದವರನ್ನಷ್ಟೇ ದೂರುವುದು ನ್ಯಾಯವಲ್ಲ. ೧೯೨೩ರ ಸೆಪ್ಟೆಂಬರ್ ೧ರಂದು ಮಧ್ಯಾಹ್ನದ ಅಡುಗೆಯ ಹೊತ್ತಿಗೆ ಭೂಮಿ ನಡುಗಿತು. ಸತ್ತವರೂ ಕಾಣೆಯಾದವರೂ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಬೆಂಕಿ. ಒತ್ತೊತ್ತಾದ ಮರದ ಮನೆಗಳ ಓಣಿಗೆ ಅಗ್ನಿಶಾಮಕ ಯಂತ್ರ ನುಗ್ಗಲಾರದು. ಆದುದರಿಂದಲೇ ಮನೆಯ ಮುಂದಿನ ದಾರಿ ಕನಿಷ್ಠ ನಾಲ್ಕು ಮೀಟರು ಇರಬೇಕೆಂದು ೧೯೫೦ರ ಕಟ್ಟಡ ಕಾಯಿದೆ ವಿಧಿಸಿತು. ಕಿರಿದಾದ ಓಣಿಯಲ್ಲಿ ಹಳೆಯ ಮನೆಯನ್ನು ಕೆಡವಿ ಕಟ್ಟುವವನು ಓಣಿಯ ನಡುಗೆರೆಯಿಂದ ಎರಡು ಮೀಟರು ಹಿಂದೆ ಸರಿಯಬೇಕು. ಹೀಗೆ ಮನೆಗಳು ಹೊಸದಾದಂತೆಲ್ಲ ಓಣಿಗಳು ಸದ್ದಿಲ್ಲದೆ ಇಲ್ಲವಾಗುತ್ತಿವೆ. ಮೆಚ್ಚಿದ ಓಣಿಯೇ ಮೃತ್ಯುವಿನ ದಾರಿಯೂ ಆಗಬಹುದೆಂಬುದು ಟೋಕಿಯೋ ಜನರು ಬಲ್ಲ ಕಠಿಣ ಸತ್ಯ.

ಇದಕ್ಕೆ ಸುಮಿದಾ ಪ್ರಾಂತದವರು ಕಂಡುಕೊಂಡ ಉಪಾಯ ಗಮನಾರ್ಹವಾದುದು. ೧೯೮೦ರ ದಶಕದಿಂದ ಅಲ್ಲಿನ ಓಣಿಗಳಲ್ಲಿ ನೆರೆಮನೆಗಳ ಛಾವಣಿಯ ಮಳೆನೀರನ್ನು ನೆಲದಡಿಯ ತೊಟ್ಟಿಗಳಲ್ಲಿ ಹಿಡಿದು, ಮೇಲೆ ಕೈಪಂಪು ಇರಿಸುತ್ತ ಬಂದಿದ್ದಾರೆ. ‘ರೋಜಿಸೋನ್’ ಎಂದು ಅದರ ಹೆಸರು. ದಿನನಿತ್ಯ ಆ ನೀರಿನಿಂದ ಹೂಗಿಡಗಳು ಬೆಳೆಯುತ್ತವೆ. ಬೆಂಕಿ ಬಿದ್ದರೆ ಯಂತ್ರ ಬರುವುದನ್ನು ಕಾಯದೆ ನೆರೆಹೊರೆಯವರೇ ಅದನ್ನು ಎತ್ತಿ ಸುರಿಯಬಹುದು. ಓಣಿಯನ್ನು ಅಗಲ ಮಾಡದೆಯೂ ಅಪಾಯವನ್ನು ತಗ್ಗಿಸುವ ಯತ್ನವಿದು. ಆದರೆ ಪಂಪಿನ ಹಿಡಿಯನ್ನು ಒತ್ತಲು ಅಕ್ಕಪಕ್ಕದ ಮನೆಗಳಲ್ಲಿ ಜನರಿರಬೇಕು. ಅವರಿಗೆ ಒಬ್ಬರೊಬ್ಬರ ಪರಿಚಯವಿರಬೇಕು.

ಸಂಜೆಯ ಹೊತ್ತು ಅಂಥ ಓಣಿಯಲ್ಲಿ ಸುಮ್ಮನೆ ಅಲೆಯುವವರಿಗೆ ಈ ಲೆಕ್ಕಾಚಾರಗಳಾವುವೂ ಕಣ್ಣಿಗೆ ಬೀಳುವುದಿಲ್ಲ. ಅವರಿಗೆ ಕಾಣುವುದು ತೊಯ್ದ ಹೂಕುಂಡ, ಅರ್ಧ ತೆರೆದ ಅಂಗಡಿಯ ಬಾಗಿಲು, ಒಳಗಿನ ದೀಪ. ಅವರು ಒಂದು ಹಳೆಯ ಪುಸ್ತಕವನ್ನು ಕೊಂಡರೆ, ಒಂದು ಬಟ್ಟಲು ಚಹ ಕುಡಿದರೆ ಆ ಅಂಗಡಿಯ ದೀಪ ಇನ್ನಷ್ಟು ದಿನ ಉರಿದೀತು.